ನೂರು ಡಿಗ್ರಿಯೆಂಬ ಅರ್ಧಸತ್ಯ

ನಾವು ಪಾಠ ಹೇಳುವುದು ಬೆಂಗಳೂರಿನಲ್ಲಿ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನ ಪ್ರಯೋಗ ಪುಸ್ತಕ ನಮ್ಮ ಮುಂದೆ ಬಂದಿತು. ನೀರಿನ ಕುದಿಬಿಂದುವಿನ ಎದುರಿಗೆ ಅವನು ಮೊದಲು 97 ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 100 ಎಂದು ಬರೆದಿದ್ದನು. ನಾವು ಅವಸರದಲ್ಲಿ ಸಹಿ ಹಾಕಿದೆವು. ಆ ಸಹಿಯನ್ನು ನೆನೆದರೆ ಇಂದಿಗೂ ಸಂಕೋಚವಾಗುತ್ತದೆ. ಕಣ್ಣಾರೆ ಕಂಡುದನ್ನು ಪುಸ್ತಕದ ಅಂಕಿಗೆ ಬಲಿಗೊಟ್ಟವನು ಅವನಾದರೂ, ಹಾಗೆ ಮಾಡಲು ಕಲಿಸಿದವರು ನಾವೇ.

ಅವನ ಉಷ್ಣಮಾಪಕ ಸುಳ್ಳಾಡಿರಲಿಲ್ಲ. ನೀರಿನ ಆವಿಯ ಒತ್ತಡವು ಸುತ್ತಲಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲತೀರದ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಆದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಇಮ್ಮಡಿಯಾದಾಗ ಅದೇ ನೀರು ಸುಮಾರು 120 ಡಿಗ್ರಿಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಇದರಿಂದಲೇ. ಒತ್ತಡವನ್ನು ಹೇಳದೆ ಕುದಿಬಿಂದುವನ್ನು ಮಾತ್ರ ಹೇಳುವುದು ಊರಿನ ಹೆಸರಿಲ್ಲದೆ ಬೀದಿಯ ಹೆಸರನ್ನು ಹೇಳಿದಂತೆ.

ಈ ಅರ್ಧಸತ್ಯಕ್ಕೆ ಮದ್ದು ಒಂದು ಸರಳವಾದ ನಕ್ಷೆ. ಅಡ್ಡಲಾಗಿ ಉಷ್ಣತೆಯನ್ನೂ ಲಂಬವಾಗಿ ಒತ್ತಡವನ್ನೂ ಗುರುತಿಸಿದರೆ, ಘನ, ದ್ರವ, ಅನಿಲಗಳು ಮೂರು ಸೀಮೆಗಳಾಗಿ ಕಾಣುತ್ತವೆ. ಗಡಿಯ ಗೆರೆಯ ಮೇಲೆ ಎರಡು ಅವಸ್ಥೆಗಳು ಸಮತೋಲದಲ್ಲಿ ಕೂಡಿರುತ್ತವೆ. ಮೂರು ಗಡಿಗಳು ಸೇರುವ ತ್ರಿಕಬಿಂದುವಿನಲ್ಲಿ ಮಾತ್ರ ಮೂರೂ ಒಟ್ಟಿಗಿರಬಲ್ಲವು. ನೀರಿಗೆ ಅದು 0.01 ಡಿಗ್ರಿ, ಸುಮಾರು 611 ಪಾಸ್ಕಲ್. ಗಾಳಿಯ ಒತ್ತಡ ದಿನದಿನಕ್ಕೆ ಬದಲಾದರೂ ಈ ಬಿಂದು ಕದಲದು. ಆದುದರಿಂದಲೇ 1954ರಿಂದ 2019ರವರೆಗೆ ಕೆಲ್ವಿನ್ ಮಾನಕ್ಕೆ ಆಧಾರವಾಗಿದ್ದುದು ಇದು, ಕುದಿಬಿಂದುವಲ್ಲ. ಈಗ ಆ ಸ್ಥಾನ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ಸಂದಿದೆ.

ದ್ರವಕ್ಕೂ ಅನಿಲಕ್ಕೂ ನಡುವಣ ಗಡಿ ಇನ್ನೂ ವಿಚಿತ್ರವಾದುದು: ಅದು ನಡುದಾರಿಯಲ್ಲಿ ನಿಂತುಹೋಗುತ್ತದೆ. ಆ ತುದಿಯೇ ಕ್ರಾಂತಿಕ ಬಿಂದು. ಅದರಾಚೆ ದ್ರವ, ಅನಿಲ ಎಂಬ ಭೇದವೇ ಉಳಿಯದು. ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ 1869ರಲ್ಲಿ ಇಂಗಾಲದ ಡೈಆಕ್ಸೈಡನ್ನು ಕುರಿತ ತಮ್ಮ ಪ್ರಯೋಗಗಳಿಂದ ಇದನ್ನು ಸ್ಪಷ್ಟಪಡಿಸಿದರು; ಸುಮಾರು 31 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ಆ ಅನಿಲ ದ್ರವವಾಗದು. ಆಕ್ಸಿಜನ್ ಮೊದಲಾದವುಗಳನ್ನು ಆ ಕಾಲದವರು ಶಾಶ್ವತ ಅನಿಲಗಳೆಂದು ಕರೆದಿದ್ದರು. ಒತ್ತಿ ಒತ್ತಿ ಸೋತಿದ್ದರು. ಕೊರತೆಯಿದ್ದುದು ಒತ್ತಡದಲ್ಲಲ್ಲ, ತಂಪಿನಲ್ಲಿ. ಆಕ್ಸಿಜನ್ನಿನ ಕ್ರಾಂತಿಕ ಉಷ್ಣತೆ ಸೊನ್ನೆಗಿಂತ ಸುಮಾರು 118 ಡಿಗ್ರಿ ಕೆಳಗಿದೆ. 1877ರಲ್ಲಿ ಕೈಯೆಟೆ ಮತ್ತು ಪಿಕ್ಟೆ, ಬೇರೆ ಬೇರೆಯಾಗಿ, ಅದನ್ನು ಅತಿಯಾಗಿ ತಂಪುಗೊಳಿಸಿ ದ್ರವರೂಪಕ್ಕೆ ತಂದರು. ಶಾಶ್ವತವೆಂಬ ಹೆಸರು ಅಲ್ಲಿಂದ ಅಳಿಯತೊಡಗಿತು.

ಪ್ರೌಢಶಾಲೆಯವರಿಗೆ ಇದು ಭಾರವಾದೀತೆಂದು ಕೆಲವು ಮಿತ್ರರು ಹೇಳುತ್ತಾರೆ. ಜಿಲ್ಲೆಯ ನಕ್ಷೆಯನ್ನು ಓದಬಲ್ಲ ಹುಡುಗನು ಇದನ್ನೂ ಓದಬಲ್ಲನು. ಭಾರವಾಗುವುದು ಕಾರಣವಿಲ್ಲದೆ ಬಾಯಿಪಾಠ ಮಾಡಿದ ಅಂಕಿಗಳು. ಪ್ರಶ್ನೆಪತ್ರಿಕೆಯಲ್ಲಿ ಕುದಿಬಿಂದುವನ್ನು ಕೇಳುವಾಗ ಒತ್ತಡವನ್ನೂ ಸೂಚಿಸಲಿ. ಪ್ರಯೋಗಶಾಲೆಯಲ್ಲಿ ಉಷ್ಣಮಾಪಕದ ಜೊತೆಗೆ ವಾಯುಭಾರಮಾಪಕವೂ ಇರಲಿ. ಪುಸ್ತಕದ ಮೊದಲ ಸಾಲಿನಲ್ಲಿ ಆ ದಿನದ ಒತ್ತಡ ದಾಖಲಾಗಲಿ.

ವಿದ್ಯಾರ್ಥಿಮಿತ್ರರೇ, ನೀವು ಕಂಡ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದರೆ ಅದನ್ನು ಹೊಡೆದುಹಾಕಬೇಡಿರಿ. ಏಕೆ ಹೊಂದಲಿಲ್ಲವೆಂದು ಕೇಳಿರಿ. ಉಪಕರಣದ ದೋಷವಿದ್ದರೆ ತಿಳಿಯುತ್ತದೆ; ಇಲ್ಲದಿದ್ದರೆ ಹೊಸದೊಂದು ಪಾಠ ದೊರೆಯುತ್ತದೆ. ಆ ಮೂರು ಡಿಗ್ರಿಗಳಲ್ಲಿ ನಮ್ಮ ಊರಿನ ಎತ್ತರವೇ ಅಡಗಿತ್ತು. ನಾವು ಅದನ್ನು ನೋಡದೆ ಸಹಿ ಹಾಕಿದೆವು.