ಬೆಳಕಿನ ಹಾಯಿ

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಗಾಳಿ ಕಣ್ಣಿಗೆ ಕಾಣದಿದ್ದರೂ ಅದಕ್ಕೆ ನೂಕುವ ಬಲವುಂಟೆಂದು ಅಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಳಕಿಗೂ ಅಂತಹ ಬಲವಿದೆಯೆಂದರೆ ಯಾರಿಗಾದರೂ ಅಚ್ಚರಿಯಾದೀತು. ಭೂಕಕ್ಷೆಯಲ್ಲಿ ಸಾವಿರ ಚದರ ಮೀಟರ್ ವಿಸ್ತಾರದ ಕನ್ನಡಿಯ ಮೇಲೆ ನೇರವಾಗಿ ಬೀಳುವ ಬಿಸಿಲಿನ ಒತ್ತಡ ಒಂದು ಗ್ರಾಂ ತೂಕಕ್ಕಿಂತ ಕಡಮೆ. ನೆಲದ ಮೇಲೆ ಅದು ಲೆಕ್ಕಕ್ಕಿಲ್ಲ. ತಡೆಯುವ ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಾದರೋ, ಹನಿಗೂಡಿ ಹಳ್ಳವಾಗುವಂತೆ, ಈ ಅಲ್ಪಬಲವೇ ಕೂಡುತ್ತ ಹೋಗಿ ಮಹಾವೇಗವಾಗಬಲ್ಲದು.

2010ರಲ್ಲಿ ಜಪಾನ್ ದೇಶದ ಇಕಾರೊಸ್ ನೌಕೆಯು 14 ಮೀಟರ್ ಬದಿಯ ಚೌಕಾಕಾರದ ಹಾಯಿಯನ್ನು ಬಿಚ್ಚಿ, ಬಿಸಿಲಿನ ನೂಕಿನಿಂದ ವೇಗ ಪಡೆದು ಇದನ್ನು ಸಿದ್ಧಪಡಿಸಿತು. ಆ ಹಾಯಿಯ ದಪ್ಪ ಕೂದಲೆಳೆಯ ಸುಮಾರು ಹತ್ತನೆಯ ಒಂದು ಪಾಲು. ಆದರೆ ಸೂರ್ಯನಿಂದ ದೂರ ಸರಿದಂತೆ ಬಿಸಿಲು ಕ್ಷೀಣಿಸುತ್ತದೆ. ಆದುದರಿಂದಲೇ, ಚದುರದೆ ಬಹುದೂರ ಸಾಗುವ ಲೇಸರ್ ಕಿರಣದಿಂದ ಹಾಯಿಯನ್ನು ನೂಕಬೇಕೆಂಬ ವಿಚಾರ ಹುಟ್ಟಿತು. 1977ರಲ್ಲಿ ಹೊರಟ ವಾಯೇಜರ್-1 ನೌಕೆಯ ವೇಗದಲ್ಲಿ ಸಾಗಿದರೆ ಸೂರ್ಯನ ನೆರೆಯ ನಕ್ಷತ್ರದಷ್ಟು ದೂರ ಕ್ರಮಿಸಲು 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಕೆಲವೇ ಗ್ರಾಂ ತೂಕದ ನೌಕೆಯನ್ನು ಬೆಳಕಿನ ವೇಗದ ಐದನೆಯ ಒಂದು ಪಾಲಿಗೆ ಏರಿಸಿ, ಆ ದೂರವನ್ನು ಸುಮಾರು 20 ವರ್ಷಗಳಲ್ಲಿ ದಾಟಿಸುವ ಯೋಜನೆಯೊಂದು 2016ರಲ್ಲಿ ಪ್ರಕಟವಾಯಿತು.

ಮಳೆಯ ದಾರಿ ಕಾಯುವ ಲಕ್ಷ್ಮೇಶ್ವರದ ಒಕ್ಕಲಿಗನಿಗೆ ನಕ್ಷತ್ರಗಳಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಉತ್ತರ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1992ರಲ್ಲಿ ಕಕ್ಷೆ ಸೇರಿದ ಇನ್ಸಾಟ್-2ಎ ಉಪಗ್ರಹವು ಮೋಡಗಳ ಚಿತ್ರ ತೆಗೆಯುವ ಉಪಕರಣವನ್ನು ಹೊತ್ತಿತ್ತು. ಆ ಉಪಕರಣವನ್ನು ತಣ್ಣಗಿಡುವ ಸಲುವಾಗಿ ಸೌರಫಲಕಗಳನ್ನೆಲ್ಲ ಒಂದೇ ಪಕ್ಕದಲ್ಲಿ ಜೋಡಿಸಲಾಗಿತ್ತು. ಬಿಸಿಲಿನ ಒತ್ತಡ ಅತ್ತಲೇ ಹೆಚ್ಚಾಗಿ ಉಪಗ್ರಹ ವಾಲಬಾರದೆಂದು ಇನ್ನೊಂದು ಪಕ್ಕದಲ್ಲಿ, ಉದ್ದನೆಯ ದಂಡದ ತುದಿಗೆ, ಸೌರಹಾಯಿಯೊಂದನ್ನು ಕಟ್ಟಿ ತಕ್ಕಡಿಯಂತೆ ಸಮತೂಕ ಸಾಧಿಸಲಾಯಿತು. ಹಾಸನದ ನಿಯಂತ್ರಣ ಕೇಂದ್ರ ಅದನ್ನು ನೋಡಿಕೊಂಡಿತು. ಬೆಳಕಿನ ಅಲ್ಪಬಲವನ್ನು ಅರಿಯದಿದ್ದರೆ ಮಳೆಮೋಡವನ್ನು ಕಾಣುವ ಆ ಕಣ್ಣು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ನಿಷ್ಪ್ರಯೋಜಕವೆಂದು ತೋರುವ ಜ್ಞಾನ ಹೊಲದ ಬದುವಿಗೆ ಬರುವ ಬಗೆ ಇದು.

ಹಾಗೆಂದು ನಕ್ಷತ್ರಯಾನ ನಾಳೆಯೇ ಕೈಗೂಡುವುದೆಂದು ಹೇಳುವುದು ಸತ್ಯವಾಗದು. 2016ರ ಯೋಜನೆ ಬಯಸಿದ ಲೇಸರಿನ ಬಲ 100 ಗಿಗಾವಾಟ್. ಎಂದರೆ, ಕೆಲವು ನಿಮಿಷಗಳ ಮಟ್ಟಿಗಾದರೂ, ಶರಾವತಿಯಂತಹ ಸುಮಾರು ನೂರು ವಿದ್ಯುದಾಗಾರಗಳ ಶಕ್ತಿ. ಹಾಯಿಯಾದರೋ ಅತಿ ಹಗುರವಾಗಿರಬೇಕು, ಆ ಕಿರಣದಲ್ಲಿ ಸುಡಬಾರದು, ಹರಿಯಲೂ ಬಾರದು. ತೆಳುವೂ ಗಟ್ಟಿಯೂ ಒಂದೇ ಬಟ್ಟೆಯಲ್ಲಿ ಕೂಡುವುದು ಎಷ್ಟು ಕಠಿಣವೆಂಬುದನ್ನು ಬೆಟಗೇರಿಯ ನೇಕಾರರು ಬಲ್ಲರು. ಇನ್ನೊಂದು ಎಚ್ಚರವೂ ಅಗತ್ಯ. ಹಾಯಿಯನ್ನು ನೂಕುವ ಕಿರಣ ಪರರ ಉಪಗ್ರಹವನ್ನು ಸುಡಲೂ ಬಲ್ಲದು. ಅಂತಹ ಶಕ್ತಿ ಒಂದೇ ರಾಷ್ಟ್ರದ ಅಥವಾ ಒಬ್ಬ ಧನಿಕನ ಕೈಯಲ್ಲಿರುವುದು ತರವಲ್ಲ. ಅದು ಹಲವು ರಾಷ್ಟ್ರಗಳ ಒಪ್ಪಂದಕ್ಕೆ ಒಳಪಟ್ಟಿರಬೇಕು.

ಆದುದರಿಂದ ಮೊದಲು ಬೇಕಾದುದು ಅವಸರವಲ್ಲ, ಅಭ್ಯಾಸ. ಬಿಸಿಲಿನಿಂದ ಸಾಗುವ ಸಣ್ಣ ಹಾಯಿಗಳನ್ನು ಕಟ್ಟಿ, ಪರೀಕ್ಷಿಸಿ, ಸೋತು, ತಿದ್ದಿಕೊಂಡು ಮುನ್ನಡೆಯಬೇಕು. ಈ ಕಾರ್ಯ ಒಂದು ತಲೆಮಾರಿನಲ್ಲಿ ಮುಗಿಯುವಂತಹುದಲ್ಲ. ಕೆರೆ ಕಟ್ಟಿಸಿದವರು ಅದರ ನೀರನ್ನೆಲ್ಲ ತಾವೇ ಕುಡಿಯಲಿಲ್ಲ, ಆದರೂ ಕಟ್ಟಿಸಿದರು. ವಿಜ್ಞಾನದ ದುಡಿಮೆಯೂ ಅಂತಹುದೇ.