ಶಿಕ್ಷೆಯ ಜೊತೆಗೆ ಆಸ್ತಿ ಮುಟ್ಟುಗೋಲು: ಕಾನೂನು ಏನು ಹೇಳುತ್ತದೆ?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡು ಗಡಿಗೆ ಸ್ವಲ್ಪ ಮುಂಚೆ ಸಿಗುವ ಊರು ಪುಣಜನೂರು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೇ ಹೆಸರು. ಇಂಥ ಕಾಡುದಾರಿಯಲ್ಲಿ ಕಳ್ಳ ಮರವನ್ನೋ ಕಾಡುಪ್ರಾಣಿಯ ಮಾಂಸವನ್ನೋ ಹೊತ್ತ ಪಿಕಪ್ ಸಿಕ್ಕಿಬಿದ್ದರೆ ಚಾಲಕ ಜಾಮೀನು ಪಡೆದು ಮನೆಗೆ ಬರಬಹುದು. ವಾಹನ ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ಬ್ಯಾಂಕಿನ ಕಂತು ನಿಲ್ಲುವುದೂ ಇಲ್ಲ. ಆಗ ಮನೆಯವರು ಕೇಳುವ ಪ್ರಶ್ನೆ ಒಂದೇ: "ಗಾಡಿ ಇನ್ನು ನಮ್ಮದೋ, ಸರಕಾರದ್ದೋ?"

ಇಲ್ಲಿ ಮೂರು ಹಂತಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮೊದಲನೆಯದು ಜಪ್ತಿ. ಜಪ್ತಿಯಾದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹಿಡಿದ ವಾಹನ ಆ ಕ್ಷಣವೇ ಸರಕಾರದ್ದಾಗುತ್ತದೆ ಎಂಬ ವಾದವನ್ನು ಸುಪ್ರೀಂ ಕೋರ್ಟು 2008ರಲ್ಲಿ ಮಧುಕರ ರಾವ್ ಪ್ರಕರಣದಲ್ಲಿ ಒಪ್ಪಲಿಲ್ಲ. ಅಪರಾಧಕ್ಕೆ ಬಳಕೆಯಾಗಿದೆ ಎಂದು ನ್ಯಾಯಾಲಯ ತೀರ್ಮಾನಿಸುವ ತನಕ ಮಾಲಿಕನು ಮಧ್ಯಂತರ ಬಿಡುಗಡೆ ಕೇಳಬಹುದು.

ಎರಡನೆಯದು ಇಲಾಖೆಯ ಮುಟ್ಟುಗೋಲು. 1963ರ ಕರ್ನಾಟಕ ಅರಣ್ಯ ಕಾಯಿದೆಯ 71-ಎ ಕಲಮಿನಂತೆ ಅಧಿಕೃತ ಅರಣ್ಯಾಧಿಕಾರಿಯೇ, ಮೊಕದ್ದಮೆ ಮುಗಿಯಲು ಕಾಯದೆ, ವಾಹನವನ್ನು ಮುಟ್ಟುಗೋಲು ಹಾಕಬಹುದು. ಮೊದಲು ನೋಟಿಸು ಕೊಡಬೇಕು. "ನನಗೆ ಗೊತ್ತಿರಲಿಲ್ಲ" ಎಂದರೆ ಮಾಲಿಕನಿಗೆ ಸಾಲದು. ತಾನಾಗಲಿ ಚಾಲಕನಾಗಲಿ ಇದರಲ್ಲಿ ಶಾಮೀಲಾಗಿರಲಿಲ್ಲ, ತಕ್ಕ ಎಚ್ಚರಿಕೆಯನ್ನೂ ವಹಿಸಿದ್ದೆವು ಎಂದು ತೋರಿಸಬೇಕು. ಆದೇಶದ ವಿರುದ್ಧ 30 ದಿನಗಳಲ್ಲಿ ಸೆಷನ್ಸ್ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ನೋಟಿಸನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ಕೂತವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಮೂರನೆಯದು, ಶಿಕ್ಷೆಯಾದ ಮೇಲೆ ನ್ಯಾಯಾಲಯ ಆದೇಶಿಸುವ ಮುಟ್ಟುಗೋಲು. ವನ್ಯಜೀವಿ ಕಾಯಿದೆಯ 51ನೇ ಕಲಮು ಆಯುಧ, ಬಲೆ, ವಾಹನಗಳನ್ನು ಸರಕಾರಕ್ಕೆ ಸೇರಿಸಲು ಅಧಿಕಾರ ನೀಡುತ್ತದೆ. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅಕ್ರಮ ಬೇಟೆ ಹಾಗೂ ವ್ಯಾಪಾರದಿಂದ ಗಳಿಸಿದ ಆಸ್ತಿಗೂ ಇದನ್ನು ವಿಸ್ತರಿಸಿತು. ಆಸ್ತಿಯನ್ನು ಸಂಬಂಧಿಕರ ಹೆಸರಿಗೆ ಬರೆದಿಟ್ಟರೂ ಅದು ವಿಚಾರಣೆಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಈ ವಿಷಯದಲ್ಲಿ ನಮ್ಮ ರಾಜ್ಯದ ನ್ಯಾಯಾಲಯವೇ ಕೊಟ್ಟ ದೊಡ್ಡ ಪಾಠ ತಮಿಳುನಾಡಿನ ಜಯಲಲಿತಾ ಅವರ ಪ್ರಕರಣ. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಜಾನ್ ಮೈಕಲ್ ಡಿಕುನ್ಹಾ ಅವರು 4 ವರ್ಷ ಸಜೆ, 100 ಕೋಟಿ ರೂಪಾಯಿ ದಂಡದ ಜೊತೆಗೆ ಅಕ್ರಮ ಆಸ್ತಿಯ ಮುಟ್ಟುಗೋಲಿಗೂ ಆದೇಶಿಸಿದರು. 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು. 2016ರ ಡಿಸೆಂಬರಿನಲ್ಲಿ ಜಯಲಲಿತಾ ತೀರಿಕೊಂಡರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಉಳಿದ ಮೂವರ ಶಿಕ್ಷೆಯನ್ನು ಎತ್ತಿಹಿಡಿದರೂ, ಮೃತರಾದವರ ಮೇಲಿನ ಮೊಕದ್ದಮೆ ಮುಕ್ತಾಯವಾಯಿತು. ಹಾಗಾದರೆ ಒಡವೆಗಳು ವಾರಸುದಾರರಿಗೆ ಸೇರಬೇಕಲ್ಲವೆ? 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಇಲ್ಲ ಎಂದಿತು. ಸಾವಿನಿಂದ ಮೊಕದ್ದಮೆ ಮುಗಿಯುವುದು ಬೇರೆ, ನಿರ್ದೋಷಿ ಎಂದು ಬಿಡುಗಡೆಯಾಗುವುದು ಬೇರೆ. ಮುಂದಿನ ತಿಂಗಳು ಸುಮಾರು 27 ಕಿಲೋ ಚಿನ್ನಾಭರಣ ಹಾಗೂ ಜಮೀನಿನ ದಾಖಲೆಗಳು ತಮಿಳುನಾಡು ಸರಕಾರದ ಕೈಸೇರಿದವು.

ಮುಟ್ಟುಗೋಲಿನ ಉದ್ದೇಶ ಬೊಕ್ಕಸ ತುಂಬುವುದಷ್ಟೇ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಮಿನಂತೆ, ಅಪರಾಧದಿಂದ ಗಳಿಸಿದ ಆಸ್ತಿಯನ್ನು ನ್ಯಾಯಾಲಯದ ನಿರ್ದೇಶನದ ಮೇರೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರು 60 ದಿನಗಳೊಳಗೆ ನೊಂದವರಿಗೆ ಹಂಚಬೇಕು. ಮಿಕ್ಕಿದ್ದು ಮಾತ್ರ ಸರಕಾರಕ್ಕೆ. ಕದ್ದದ್ದು ಕಳೆದುಕೊಂಡವನಿಗೆ ಮರಳಬೇಕೆಂಬುದು ನ್ಯಾಯವೇ. ಆದರೆ ತಪ್ಪು ಮಾಡದ ಹೆಂಡತಿ ಮಕ್ಕಳ ಅನ್ನದ ದಾರಿಯೂ ಅದೇ ವಾಹನವಾಗಿದ್ದರೆ ಅವರ ಮಾತನ್ನು ಕೇಳುವವರೂ ಇರಬೇಕು.

ಆದುದರಿಂದ ವಾಹನವನ್ನು ಬೇರೆಯವರ ಕೈಗೆ ಕೊಡುವಾಗ ಯಾರು, ಎಲ್ಲಿಗೆ, ಏನು ಸಾಗಿಸುತ್ತಾರೆಂದು ವಿಚಾರಿಸಿ ಬರೆದಿಡಿ. ನೋಟಿಸು ಬಂದ ದಿನಾಂಕವನ್ನು ಗುರುತು ಮಾಡಿಕೊಳ್ಳಿ. ವಕೀಲರ ಫೀಸಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಅಲ್ಲಿ ದೊರೆಯುತ್ತದೆ. ಇಂಥ ಮನೆಯವರಿಗೆ ಆ ಕಚೇರಿಯ ದಾರಿ ತೋರಿಸುವುದು ನಮ್ಮಿಂದ ಆಗುವ ಕೆಲಸ.