ಎಲೆಗೆ ಎಷ್ಟು ಗ್ರಾಂ?

ಹೋಟೆಲುಗಳಲ್ಲಿ ಅನ್ನ ಹಾಳಾಗುವುದನ್ನು ದಿನಕ್ಕೆ 100 ಕಿಲೋ ಕಸದ ಗಡಿ ತಡೆಯಲಾರದು. ಭಾರಿ ಪ್ರಮಾಣದಲ್ಲಿ ಕಸ ಮಾಡುವವರನ್ನು ಗುರುತಿಸಲು 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲಿದ್ದ ಈ ಗಡಿ 2026ರ ಹೊಸ ನಿಯಮಗಳಲ್ಲೂ ಉಳಿದಿದೆ. ಜೊತೆಗೆ 20 ಸಾವಿರ ಚದರ ಮೀಟರ್ ಕಟ್ಟಡ, ದಿನಕ್ಕೆ 40 ಸಾವಿರ ಲೀಟರ್ ನೀರು ಎಂಬ ಅಳತೆಗಳೂ ಇವೆ. ಕಸ ವಿಲೇವಾರಿಗೆ ಇವು ಸಾಕು. ಆದರೆ ಮೂರೂ ಅಳೆಯುವುದು ವ್ಯಾಪಾರದ ಗಾತ್ರವನ್ನು. 200 ಊಟದ ಮೆಸ್ಸಿನಲ್ಲಿ ತಲಾ 150 ಗ್ರಾಂ ಹಾಳಾದರೆ 30 ಕಿಲೋ; 3,000 ಊಟದ ಹೋಟೆಲಿನಲ್ಲಿ ತಲಾ 40 ಗ್ರಾಂ ಹಾಳಾದರೆ 120 ಕಿಲೋ. ತಲಾ ಹೆಚ್ಚು ಪೋಲು ಮಾಡುವ ಮೆಸ್ಸು ನಿಯಮದ ಕಣ್ಣಿಗೇ ಬೀಳುವುದಿಲ್ಲ.

ತಲಕಾಡಿನ ಬಳಿ, ಬೆಟ್ಟದ ಮೇಲೆ ದೇವಸ್ಥಾನವಿರುವ ಮುಡುಕುತೊರೆಯಂಥ ಊರು ಈ ಲೆಕ್ಕದಿಂದ ಪೂರ್ತಿ ಹೊರಗೆ. ಮಲ್ಲಿಕಾರ್ಜುನಸ್ವಾಮಿ ಜಾತ್ರೆ ಮತ್ತು ದನಗಳ ಪರಿಷೆಯಲ್ಲಿ, ತಲಕಾಡಿನ ಪಂಚಲಿಂಗ ದರ್ಶನದ ವರ್ಷಗಳಲ್ಲಿ ಇಲ್ಲಿ ಜನ ಕಿಕ್ಕಿರಿಯುತ್ತಾರೆ. ಉಳಿದ ದಿನ ಬೆಟ್ಟದ ಕೆಳಗಿನ ವ್ಯಾಪಾರ ಸಣ್ಣದು. 2016ರ ನಿಯಮ ನೋಡುತ್ತಿದ್ದುದು ದಿನದ ಸರಾಸರಿಯನ್ನು. ಜಾತ್ರೆಯಲ್ಲಿ ಚೆಲ್ಲಿದ ಅನ್ನ ಆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು.

ತಲಾ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ 2012ರ ಮದುವೆ ಊಟದ ಅಧ್ಯಯನವೇ ಸಾಕ್ಷಿ. ಪತ್ರಿಕೆಗಳಲ್ಲಿ ಬಂದ ಅಂಕಿಗಳಿವು: ಬೆಂಗಳೂರಿನ 531 ಕಲ್ಯಾಣ ಮಂಟಪಗಳು, ವರ್ಷಕ್ಕೆ 84,960 ಮದುವೆ, 943 ಟನ್ ಆಹಾರ ವ್ಯರ್ಥ, 339 ಕೋಟಿ ರೂಪಾಯಿ ನಷ್ಟ. ಅಂದಿನಿಂದ ಭಾಷಣಗಳಲ್ಲೂ ಲೇಖನಗಳಲ್ಲೂ 943 ಟನ್ ಮೊಳಗುತ್ತಿದೆ. ಭಾಗಿಸಿ ನೋಡಿದವರು ವಿರಳ. ಭಾಗಿಸಿದರೆ ಮದುವೆಯೊಂದಕ್ಕೆ ಸಿಗುವುದು ಬರೀ 11 ಕಿಲೋ. 500 ಜನ ಉಂಡಿದ್ದರೆ ಎಲೆಗೆ 22 ಗ್ರಾಂ, ಅಂದರೆ ಒಂದೆರಡು ತುತ್ತು. ನಷ್ಟವೋ ಮದುವೆಗೆ ಸುಮಾರು 40 ಸಾವಿರ ರೂಪಾಯಿ, ಕಿಲೋಗೆ 3,600! ಈ ಎರಡು ಅಂಕಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಮಂಟಪಗಳಲ್ಲಿ ಪೋಲು ಕಡಿಮೆ ಎಂದು ಇದರರ್ಥವಲ್ಲ. ಇಷ್ಟು ವರ್ಷ ಎಲ್ಲರೂ ನೆಚ್ಚಿಕೊಂಡ ಅಂಕಿ ಯಾರಿಗೂ ದಾರಿ ತೋರಿಸಲಾರದು ಎಂದಷ್ಟೇ ಅರ್ಥ.

ಅಳೆಯುವುದು ಕಷ್ಟದ ಕೆಲಸವಲ್ಲ. ಒಂದು ತಕ್ಕಡಿ, ಮೂರು ಡಬ್ಬ ಸಾಕು: ಅಡುಗೆಮನೆಯಲ್ಲಿ ಕೆಟ್ಟದ್ದಕ್ಕೊಂದು, ಬಡಿಸದೆ ಉಳಿದದ್ದಕ್ಕೊಂದು, ಎಲೆಯ ಎಂಜಲಿಗೊಂದು. ರಾತ್ರಿ ತೂಗಿ, ಆ ದಿನದ ಊಟದ ಸಂಖ್ಯೆಯಿಂದ ಭಾಗಿಸಬೇಕು. ಎರಡನೆಯ ಡಬ್ಬ ಭಾರವಾದರೆ ಅಕ್ಕಿ ಅಳೆದು ಹಾಕುವಲ್ಲಿ ತಪ್ಪಿದೆ. ಮೂರನೆಯದಾದರೆ ಬಡಿಸುವ ಸೌಟಿನಲ್ಲಿ. 2017ರಲ್ಲಿ ಕೇಂದ್ರ ಸಚಿವ ರಾಮ್‌ವಿಲಾಸ್ ಪಾಸ್ವಾನ್ ಹೋಟೆಲ್ ಊಟದ ಪ್ರಮಾಣವನ್ನೇ ನಿಗದಿಪಡಿಸುವ ಮಾತೆತ್ತಿದಾಗ, ಯಾವ ಡಬ್ಬ ಭಾರ ಎಂದು ಯಾರೂ ಕೇಳಲಿಲ್ಲ.

‘ನಮ್ಮಲ್ಲಿ ಹಾಳಾಗುವುದಿಲ್ಲ, ಕಲಗಚ್ಚಿಗೆ ಹೋಗುತ್ತದೆ’ ಎಂಬ ಮಾತು ಹಳ್ಳಿ ಹೋಟೆಲುಗಳಲ್ಲಿ ಸಾಮಾನ್ಯ. ದನದ ಬಾಯಿಗೆ ಹೋದದ್ದನ್ನು ವಿಶ್ವಸಂಸ್ಥೆಯ ಆಹಾರ ವ್ಯರ್ಥ ಸೂಚ್ಯಂಕವೂ ವ್ಯರ್ಥವೆಂದು ಎಣಿಸುವುದಿಲ್ಲ. ಆದರೂ ಅಕ್ಕಿಯ ಬೆಲೆ, ಗ್ಯಾಸು, ಕೂಲಿ ಮಾಲೀಕನ ಗಲ್ಲಾದಿಂದಲೇ ಹೋಗಿರುತ್ತದೆ. ಕಲಗಚ್ಚನ್ನೂ ತೂಗಲೇಬೇಕು.

ತೂಗಿದರೆ ಲಾಭವಿದೆ. 12 ದೇಶಗಳ 114 ರೆಸ್ಟೋರೆಂಟ್‌ಗಳ ಲೆಕ್ಕ ನೋಡಿದ 2019ರ ವರದಿಯ ಪ್ರಕಾರ, ಅಳೆದು ತಿದ್ದಿಕೊಂಡವರು ಮೊದಲ ವರ್ಷವೇ ಸರಾಸರಿ ಶೇ 26ರಷ್ಟು ಪೋಲು ತಗ್ಗಿಸಿದರು. ಆದ್ದರಿಂದ ಸ್ಥಳೀಯ ಸಂಸ್ಥೆಗಳು ಪರವಾನಗಿ ನವೀಕರಣದ ಅರ್ಜಿಯಲ್ಲಿ ಹೋಟೆಲಿನ ಒಟ್ಟು ಕಸದ ಬದಲು ಊಟಕ್ಕೆ ಇಂತಿಷ್ಟು ಗ್ರಾಂ ಎಂಬ ಲೆಕ್ಕ ಕೇಳಬೇಕು. ಜಾತ್ರೆಯ ದಿನಗಳದ್ದನ್ನು ಬೇರೆಯಾಗಿಯೇ ಬರೆಸಬೇಕು.